ಮಗ್ಗದ ಮುಂದೆ ಸಿ ಬಾಸ್ಸೂ

ತಜ್ನಾಖ್ತ್ ಊರಿನ ನಮ್ಮ ಸಹಕಾರ ಸಂಘದ ಕೋಣೆಯಲ್ಲಿ ಹನ್ನೊಂದು ಜನ ಹೆಂಗಸರು ಕೂತು ರತ್ನಗಂಬಳಿ ನೇಯುತ್ತೇವೆ. ಗಂಡಸರು ಅಲ್ಲಿಗೆ ಬರುವುದು ಉಣ್ಣೆ ಇಳಿಸಲು, ಇಲ್ಲವೆ ನೇಯ್ದದ್ದನ್ನು ಹೊತ್ತೊಯ್ಯಲು. ಹೀಗಿರುವಾಗ ಕಳೆದ ವಸಂತದಲ್ಲಿ ಒಂದು ದಿನ ಕಲ್ಥೂಮ್ ಬಂದು ತನ್ನ ಫೋನನ್ನು ನಮ್ಮ ಮುಂದೆ ಹಿಡಿದಳು.

ಕಲ್ಥೂಮ್ ನಮ್ಮೆಲ್ಲರಿಗಿಂತ ಹಿರಿಯಳಾದ, ಮರ್ಯಾದೆಗೆ ‘ಲಲ್ಲಾ’ ಎಂದು ಎಲ್ಲರೂ ಕರೆಯುವ ಇಜ್ಜಾಳ ಅಣ್ಣನ ಮಗಳು. ಹುಡುಗಿಯರ ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಯಾರು ಬೇಕಾದರೂ ಬರೆದು ತಿದ್ದಬಹುದಾದ ವಿಶ್ವಕೋಶವೊಂದು ಅಂತರಜಾಲದಲ್ಲಿದೆಯಲ್ಲ, ಬಿಡುವಾದಾಗಲೆಲ್ಲ ಅದಕ್ಕೆ ಬರೆಯುತ್ತಿರುತ್ತಾಳೆ. ನಮ್ಮ ಕಡೆಯ ನೇಯ್ಗೆಯ ಬಗ್ಗೆಯೂ ಅಲ್ಲೊಂದು ಪುಟವಿತ್ತು. ಮೇಲ್ಗಡೆಯೇ ದೊಡ್ಡದಾಗಿದ್ದ ಚಿತ್ರದಲ್ಲಿ ನೀಲಿ ಪೇಟ ಸುತ್ತಿದ ಗಂಡಸೊಬ್ಬ ಮಗ್ಗದ ಮುಂದೆ ಕೂತು ನಗುತ್ತಿದ್ದ. ಕೆಳಗೆ ‘ಸಾಂಪ್ರದಾಯಿಕ ನೇಕಾರ’ ಎಂದು ಬರೆದಿತ್ತು.

“ಇವನು ನಮ್ಮ ಬಾಸ್ಸೂ ಅಲ್ವೇನೇ?” ಎಂದಳು ನನ್ನ ಪಕ್ಕ ಕೂತು ನೇಯುವ ಇತ್ತೋ ಎಂಬ ಗೆಳತಿ.

ಹೌದು, ರಸ್ತೆಯಾಚೆ ರತ್ನಗಂಬಳಿ ಅಂಗಡಿ ಇಟ್ಟಿರುವ, ಗೌರವಕ್ಕೆ ‘ಸಿ’ ಸೇರಿಸಿ ಕರೆಸಿಕೊಳ್ಳುವ ಬಾಸ್ಸೂ. ಕೈಯಲ್ಲಿದ್ದ, ನೇಯ್ದ ಸಾಲನ್ನು ಕೆಳಕ್ಕೆ ಬಡಿಯುವ ಕಬ್ಬಿಣದ ಹಣಿಗೆಯ ಹಲ್ಲುಗಳು ಆಕಾಶ ನೋಡುತ್ತಿದ್ದವು.

“ಹಿಡ್ಕೊಂಡಿರೋದು ನೋಡು, ಗಡ್ಡ ಬಾಚ್ಕೊಳ್ಳೋಕೆ ಹೊರಟಂಗಿದೆ,” ಎಂದಳು ಇತ್ತೋ.

ಕೋಣೆಯೆಲ್ಲ ನಕ್ಕಿತು. ಇಜ್ಜಾ ಮಾತ್ರ ಫೋನನ್ನು ಮೂಗಿನ ಹತ್ತಿರ ತಂದುಕೊಂಡು ನೋಡಿದಳು.

“ಮಗ್ಗದ ಮೇಲಿರೋದು ನಂದು. ಆ ಹಳದಿ ಅಂಚು ನಾನು ಹಾಕಿದ್ದು. ಅವತ್ತು ಯಾರೋ ಪ್ರವಾಸಿ ಕ್ಯಾಮೆರಾ ಹಿಡ್ಕೊಂಡು ಬಂದಿದ್ದ. ಬೆಳಕಿಗೆ ಅಡ್ಡ ಆಗ್ತೀಯ, ಸ್ವಲ್ಪ ಏಳಮ್ಮ ಅಂತ ನನ್ನ ಎಬ್ಬಿಸಿ ಇವನನ್ನ ಕೂರಿಸಿದ್ರು. ನಾನು ಹೋಗಿ ಚಹಾ ಮಾಡ್ಕೊಂಡು ಬಂದೆ. ಇಬ್ಬರಿಗೂ.”

“ಅತ್ತೆ, ಈ ಪುಟದಲ್ಲಿ ಒಂಬತ್ತು ಚಿತ್ರ ಇದೆ,” ಎಂದಳು ಕಲ್ಥೂಮ್. “ಏಳರಲ್ಲಿ ಗಂಡಸರು. ಉಳಿದ ಎರಡರಲ್ಲಿ ಒಬ್ಬಳು ಕಂಬಳಿ ಹಿಡ್ಕೊಂಡು ನಿಂತಿದ್ದಾಳೆ, ಇನ್ನೊಬ್ಬಳು ಅದರ ಮೇಲೆ ಕೂತಿದ್ದಾಳೆ. ನೇಯೋಳು ಒಬ್ಬಳೂ ಇಲ್ಲ.”

“ಬದಲಾಯಿಸೋಕಾಗುತ್ತಾ?” ಎಂದಳು ಇಜ್ಜಾ.

“ಆಗುತ್ತೆ, ನಿಮ್ಮಲ್ಲಿ ಒಬ್ರು ಚಿತ್ರಕ್ಕೆ ಕೂತ್ರೆ.”

ಅಲ್ಲಿಗೆ ಎಲ್ಲರ ನಗುವೂ ನಿಂತಿತು. ಇತ್ತೋಗೆ ಮಗನ ಮದುವೆ ಮಾತುಕತೆ ನಡೆಯುತ್ತಿತ್ತು, ಬೀಗರು ಏನಂದುಕೊಂಡಾರು ಎಂದಳು. ಒಬ್ಬಳಿಗೆ ಉಟ್ಟ ಬಟ್ಟೆ ಸರಿಯಿರಲಿಲ್ಲ. ನನ್ನ ಗಂಡ ಅಗಾದೀರ್ ಬಂದರಿನಲ್ಲಿ ಕೆಲಸಕ್ಕಿದ್ದಾನೆ, ಅವನನ್ನು ಕೇಳಬೇಕು ಎಂದೆ ನಾನು. ನಿಜ ಹೇಳಬೇಕೆಂದರೆ ಅವನು ಬೇಡ ಎನ್ನುವವನಲ್ಲ, ನನಗೇ ಧೈರ್ಯವಿರಲಿಲ್ಲ.

“ನಾನು ಕೂರ್ತೀನಿ ಬಿಡೇ,” ಎಂದಳು ಇಜ್ಜಾ. “ಈ ಮುಖ ನೋಡಿ ಇನ್ನು ಯಾರು ಹೆಣ್ಣು ಕೇಳೋಕೆ ಬರ್ತಾರೆ?”

ಅವಳು ಕ್ಯಾಮೆರಾದ ಕಡೆ ನೋಡಲೇ ಇಲ್ಲ, ತನ್ನ ಪಾಡಿಗೆ ಗಂಟು ಹಾಕುತ್ತ ಹೋದಳು. ಕಲ್ಥೂಮ್ ಪಕ್ಕದಿಂದ ತೆಗೆದ ಚಿತ್ರದಲ್ಲಿ ಮುಖವೂ ಕೈಯೂ ಚೆನ್ನಾಗಿ ಬಂದಿದ್ದವು. ಸಂಜೆಯೊಳಗೆ ಅದು ಪುಟದ ಮೇಲೇರಿತು. ಮೂರನೆಯ ದಿನ ನೋಡಿದರೆ ಮತ್ತೆ ಬಾಸ್ಸೂ ನಗುತ್ತಿದ್ದಾನೆ.

ಯಾವ ದೇಶದವನೋ, ಆ ವಿಶ್ವಕೋಶದ ಇನ್ನೊಬ್ಬ ಬರಹಗಾರ ನಮ್ಮದನ್ನು ತೆಗೆದು ಹಳೆಯದನ್ನು ಕೂರಿಸಿದ್ದ. ‘ಹಿಂದಿನ ಚಿತ್ರ ಹೆಚ್ಚು ಸ್ಪಷ್ಟವಾಗಿದೆ, ನೇಕಾರನ ಮುಖ ಓದುಗರತ್ತ ಇದೆ’ ಎಂದು ಕಾರಣ ಬರೆದಿದ್ದ. ಆತ ನೇಕಾರನೇ ಅಲ್ಲ ಎಂದು ಕಲ್ಥೂಮ್ ಉತ್ತರಿಸಿದಳು. ‘ಅದಕ್ಕೆ ಆಧಾರ?’ ಎಂದು ಅವನು ಕೇಳಿದ.

“ಆಧಾರ ರಸ್ತೆ ಆಚೆ ಕೂತಿದೆ, ನಡೀರೇ,” ಎಂದು ಇಜ್ಜಾ ಎದ್ದಳು. ಕಲ್ಥೂಮ್ ಜೊತೆ ನಾನೂ ಅವಳ ಹಿಂದೆ ಹೋದೆ.

ಬಾಸ್ಸೂ ಆ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಅಂಗಡಿ ಬಾಗಿಲ ಮೇಲೆ ತೂಗುಹಾಕಿದ್ದ. ಪುದೀನ ಚಹಾ ಬಗ್ಗಿಸಿಕೊಟ್ಟು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡ.

“ಲಲ್ಲಾ ಇಜ್ಜಾ, ಇದ್ರಿಂದ ನಿಮಗೇನು ನಷ್ಟ ಹೇಳಿ. ಜರ್ಮನಿಯವರೂ ಬಂದು ನನ್ನ ಗುರುತು ಹಿಡೀತಾರೆ. ಊರಿಗೇ ಹೆಸರು.”

“ಹೆಸರು ಬಂತಪ್ಪ, ಒಪ್ಕೊಂಡೆ. ನಾಳೆ ಬೆಳಿಗ್ಗೆ ಬಾ. ನನ್ನ ಜಾಗದಲ್ಲಿ ಕೂತು ಒಂದು ಬೆರಳಗಲ ನೇಯಿ. ನೇಯ್ದೆ ಅಂದ್ರೆ ನಿನ್ನ ಚಿತ್ರ ಅಲ್ಲೇ ಇರ್ಲಿ.”

“ಒಂದೇ ಬೆರಳಗಲಾನಾ? ಹುಟ್ಟಿದಾಗಿಂದ ನೋಡ್ತಿದ್ದೀನಿ, ಅಷ್ಟೂ ಬರಲ್ವಾ?”

“ನಾನೂ ನೀನು ಹುಟ್ಟಿದಾಗಿಂದ ನಿನ್ನ ನೋಡ್ತಿದ್ದೀನಿ, ನಂಗೆ ಮೀಸೆ ಬಂತಾ?”

ಮರುದಿನ ಅವನು ಇಸ್ತ್ರಿ ಮಾಡಿದ ಜೆಲ್ಲಾಬಾ ನಿಲುವಂಗಿ ತೊಟ್ಟು ಬಂದ. ಚಿತ್ರೀಕರಿಸಬಹುದಾ ಎಂದು ಕಲ್ಥೂಮ್ ಕೇಳಿದ್ದಕ್ಕೆ ಧಾರಾಳವಾಗಿ ಎಂದ. ಇಜ್ಜಾ ಅವನ ಕೈಯಲ್ಲಿದ್ದ ಹಣಿಗೆಯನ್ನು ಸುಮ್ಮನೆ ನೆಟ್ಟಗೆ ತಿರುಗಿಸಿಟ್ಟಳು. ಮೊದಲ ಗಂಟಿಗೇ ನೂಲು ಹರಿಯಿತು. ಎರಡನೆಯ ಸಲ ಮೇಲಿಂದ ಕೆಳಗೆ ಬಿಗಿದ ಹಾಸಿನ ಎಳೆಗಳ ನಡುವೆ ಬೆರಳು ಸಿಕ್ಕಿಕೊಂಡಿತು, ಇತ್ತೋ ಹೋಗಿ ಬಿಡಿಸಬೇಕಾಯಿತು. ಒಂದು ಗಂಟೆ ಹೊತ್ತಿಗೆ ಏಳು ಗಂಟು ಬಿದ್ದಿದ್ದವು, ಮುಟ್ಟಿದರೆ ಐದು ಕಳಚಿದವು.

“ಸಿ ಬಾಸ್ಸೂ, ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಮುಗಿಸಿ,” ಎಂದಳು ಇತ್ತೋ.

“ಹೊಸ ವಿನ್ಯಾಸ, ಇನ್ನೂ ಹತ್ತು ವರ್ಷ ಆಗುತ್ತೆ ಅಂತ ಹೇಳಮ್ಮ,” ಎಂದು ಅವನೂ ನಕ್ಕ. ಆಮೇಲೆ ಹಣಿಗೆ ಕೆಳಗಿಟ್ಟು ಬೆರಳುಗಳನ್ನು ಒತ್ತಿಕೊಳ್ಳತೊಡಗಿದ.

“ನಮ್ಮಮ್ಮ ಹೀಗೇ ಒತ್ಕೊಳ್ತಿದ್ಲು. ಚಳಿಗಾಲದಲ್ಲಿ ಬಿಸಿನೀರಲ್ಲಿ ಕೈ ಅದ್ದಿ ಕೂತಿರ್ತಿದ್ಲು. ಅದು ಅವಳ ಅಭ್ಯಾಸ ಅನ್ಕೊಂಡಿದ್ದೆ. ಅಂಗಡಿ ಫಲಕದಲ್ಲಿ ಅಪ್ಪನ ಹೆಸರಿತ್ತು, ಆಮೇಲೆ ನಂದು ಬಂತು.”



“ನಿಮ್ಮಮ್ಮ ಯಾಮ್ನಾ ಹಾಕಿದ ಗಂಟು ಬಿಚ್ಚೋಕೆ ಚಾಕು ಬೇಕಾಗ್ತಿತ್ತು,” ಎಂದಳು ಇಜ್ಜಾ. “ನನಗೆ ಕಲಿಸಿದ್ದೇ ಅವಳು.”

ಬಾಸ್ಸೂ ಕಲ್ಥೂಮ್ ಕಡೆ ತಿರುಗಿದ. “ಬರ್ಕೊಳ್ಳಮ್ಮ. ಆ ಚಿತ್ರದಲ್ಲಿರೋದು ನಾನೇ, ಬಾಸ್ಸೂ. ನಾನು ಮಾರೋನು, ನಂಗೆ ನೇಯೋಕೆ ಬರಲ್ಲ. ಆ ಕಂಬಳಿ ನೇಯ್ದೋರು ಲಲ್ಲಾ ಇಜ್ಜಾ. ನಾನು ಹಣಿಗೆಯನ್ನ ತಲೆಕೆಳಗಾಗಿ ಹಿಡಿದಿದ್ದೀನಿ, ಬೇಕಾದ್ರೆ ನೋಡ್ಕೊಳ್ಳಿ.”

ಅವನ ಮಾತನ್ನೂ ಆ ಒಂದು ಗಂಟೆಯ ಸಾಹಸದ ವೀಡಿಯೊವನ್ನೂ ಕಲ್ಥೂಮ್ ಪುಟದ ಚರ್ಚೆಯಲ್ಲಿ ಹಾಕಿದಳು. ಮರುದಿನ ಆ ಬರಹಗಾರನ ಉತ್ತರ ಬಂತು: ‘ಎರಡು ಸಲ ನೋಡಿದೆ. ತಪ್ಪು ನನ್ನದು.’ ಇಜ್ಜಾಳ ಚಿತ್ರವನ್ನು ಅವನೇ ಮೇಲೆ ತಂದಿಟ್ಟಿದ್ದ. ಬಾಸ್ಸೂವಿನದು ರತ್ನಗಂಬಳಿ ವ್ಯಾಪಾರದ ಪುಟಕ್ಕೆ ಹೋಯಿತು. ಅವನಿಗೇನೂ ಬೇಸರವಿಲ್ಲ, ಜರ್ಮನಿಯವರು ಈಗಲೂ ಗುರುತು ಹಿಡಿಯುತ್ತಾರಂತೆ.

ಇಜ್ಜಾಗೆ ಓದಲು ಬಾರದು. ಚಿತ್ರದ ಕೆಳಗಿನ ಸಾಲನ್ನು ಕಲ್ಥೂಮ್ ಓದಿ ಹೇಳಿದಳು: “‘ಇಜ್ಜಾ, ನೇಕಾರಳು, ತಜ್ನಾಖ್ತ್.’”

“ಇನ್ನೊಂದು ಸಲ ಓದೇ.”

ಓದಿದಳು. ಇಜ್ಜಾ ತಲೆವಸ್ತ್ರ ಸರಿಮಾಡಿಕೊಂಡು ಕೆಲಸಕ್ಕೆ ಕೂತಳು, ಆದರೆ ಅವತ್ತೆಲ್ಲ ಗುನುಗುತ್ತಲೇ ಇದ್ದಳು.

ಉಣ್ಣೆಗೆ ಬಣ್ಣ ಹಾಕುವ ಪುಟದಲ್ಲಿ ಚಿತ್ರವೇ ಇಲ್ಲ ಎಂದು ಮುಂದಿನ ವಾರ ಕಲ್ಥೂಮ್ ಹೇಳಿದಾಗ ನಾನು ಬೇರೆಯವರು ಬಾಯಿ ತೆರೆಯುವ ಮೊದಲೇ ಎದ್ದೆ. ಗಂಡನಿಗೆ ಫೋನ್ ಮಾಡಿದರೆ, “ಇದಕ್ಕೂ ನನ್ನ ಕೇಳ್ಬೇಕಾ, ತೂದಾ? ಬೆಳ್ಳಿ ಸರ ಹಾಕ್ಕೋ, ಚೆನ್ನಾಗಿ ಕಾಣುತ್ತೆ,” ಎಂದ. ಸರ ಹಾಕಿಕೊಂಡು, ಕೆಂಪು ಬಣ್ಣಕ್ಕೆಂದು ಮಂಜಿಷ್ಠದ ಬೇರು ಕುದಿಯುತ್ತಿದ್ದ ಹಂಡೆಯ ಮುಂದೆ ನಿಂತೆ. ಮೊದಲ ಚಿತ್ರದಲ್ಲಿ ಹೊಗೆಗೆ ಕಣ್ಣು ಮುಚ್ಚಿತ್ತು. ಎರಡನೆಯದರಲ್ಲಿ ಮೂಗು ಒರೆಸುತ್ತಿದ್ದೆ. ಮೂರನೆಯದು ಪುಟಕ್ಕೆ ಹೋಯಿತು. ಅದರಲ್ಲಿ ನನ್ನ ಕೈ ಮೊಣಕೈವರೆಗೆ ಕೆಂಪು, ಬಾಯಿ ಅಗಲವಾಗಿ ತೆರೆದಿದೆ. ಒಣಹಾಕಿದ್ದ ನೂಲನ್ನು ಮೇಕೆಯೊಂದು ಎಳೆಯುತ್ತಿತ್ತು, ಅದನ್ನು ಬೈದು ಓಡಿಸುತ್ತಿದ್ದೆ.