ಅವ ಹೆಡ್ಡ

"ಇವತ್ತೊಂದ ದಿನಾ ನಿನ್ನ ಸಿಟ್ಟಿಗೆ ಸೂಟಿ ಕೊಡು ಅಣ್ಣಾ," ಎಂದಳು ಸಾಕ್ಷಿ, ಜೀಪಿನ ಹಿಂದಿನ ಸೀಟಿನ ಮೇಲೆ ತಗಡಿನ ಬಿಲ್ಲೆಗಳ ಚೀಲ ಇಡುತ್ತ. "ಸಂಜಿಕ ಮನಿಗೆ ಬಂದ ಮ್ಯಾಲೆ ಬೇಕಾದ್ರ ನನ್ನ ಮ್ಯಾಲೇ ತೀರಿಸಿಕೋ."

"ನಾ ಯಾವಾಗ ಸಿಟ್ಟ ಮಾಡೀನಿ?" ಎಂದ ಓಂಕಾರ. ಒಳಗಿನಿಂದ ಅವ್ವ ಚಂದ್ರವ್ವ ನಕ್ಕ ಸದ್ದು ಕೇಳಿತು. ಅಷ್ಟಕ್ಕೇ ಅವನಿಗೆ ಸಿಟ್ಟು ಬಂತು.

ಇಪ್ಪತ್ತೈದರ ಓಂಕಾರ ಬೆಳಗಾವಿಯ ಆಟೋ ನಗರದಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ. ಸತ್ತೇ ಹೋಯಿತೆಂದು ಬಿಟ್ಟ ಎಂಜಿನ್ನು ಅವನ ಕೈ ತಾಗಿದರೆ ಕೆಮ್ಮಿ ಎದ್ದು ಕೂರುತ್ತಿತ್ತು. ಕೈ ಎಷ್ಟು ಚೊಕ್ಕವೋ ಬಾಯಿ ಅಷ್ಟೇ ಹೊಲಸು. ಬಿಚ್ಚದ ನಟ್ಟಿಗೂ ಬೈಗುಳ, ಒಂದೇ ಮಾತನ್ನು ಎರಡು ಸಲ ಕೇಳಿದ ಗಿರಾಕಿಗೂ ಬೈಗುಳ.

ಸಾಲಿ ಬಿಟ್ಟದ್ದು ಎಂಟನೆಯ ಇಯತ್ತೆಯಲ್ಲಿ. ಕರಾವಳಿ ಕಡೆಯಿಂದ ಹೊಸದಾಗಿ ಬಂದ ಕನ್ನಡ ಮಾಸ್ತರರು ಶುದ್ಧಬರಹ ಬರೆಸಿದ್ದರು. ಓಂಕಾರನ ವಹಿಯಲ್ಲಿ ಒಂದೇ ಒಂದು ಒತ್ತಕ್ಷರ ಇರಲಿಲ್ಲ. ಬೆಳಗಾವಿಯ ಮಾಸ್ತರರಾಗಿದ್ದರೆ 'ದಡ್ಡ' ಎಂದು ತಲೆಗೊಂದು ಕುಟ್ಟುತ್ತಿದ್ದರು. ಅದು ಕೇಳಿ ಕೇಳಿ ಸವೆದ ಮಾತು, ಯಾರಿಗೂ ಹತ್ತುತ್ತಿರಲಿಲ್ಲ. ಇವರು ವಹಿಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ, "ಇವ ಹೆಡ್ಡ," ಎಂದರು. ಹುಡುಗರಿಗೆ ಹೊಸ ಶಬ್ದ ಸಿಕ್ಕಿತು. ಹೊಸ ಚೆಂಡು ಸಿಕ್ಕವರ ಹಾಗೆ ಅದನ್ನು ಓಣಿ ತುಂಬ ಒದ್ದು ಆಡಿದರು. ಹದಿನೈದು ದಿನ ತಡೆದುಕೊಂಡ ಓಂಕಾರ ಹದಿನಾರನೆಯ ದಿನ ಪಾಟಿಚೀಲ ಮೂಲೆಗೆ ಎಸೆದು ಗ್ಯಾರೇಜು ಸೇರಿದ. ಇವತ್ತಿಗೂ ಖಾಸಬಾಗದ ಜೊತೆಗಾರರು, "ಏ ಹೆಡ್ಡ, ಚಾ ಕುಡ್ಯೂಣು ಬಾ," ಎಂದು ಕರೆದರೆ ಆ ಚಹಾ ಅವನ ಗಂಟಲಲ್ಲಿ ಇಳಿಯುವುದಿಲ್ಲ.

ಸಾಕ್ಷಿ ಹಾಗಲ್ಲ. ಸಸ್ಯಶಾಸ್ತ್ರದಲ್ಲಿ ಡಿಗ್ರಿ ಮುಗಿಸಿದವಳು. ಈಗ ಅವಳ ಜೀವವೆಲ್ಲ ಒಂದು ಕೆಲಸದ ಮೇಲಿತ್ತು. ಶುಭದಾ ಎಂಬ ಮೇಡಂ, ಬೆಳಗಾವಿಯಲ್ಲೇ ಹುಟ್ಟಿ ಬೆಳೆದವರು, ಇಪ್ಪತ್ತು ವರ್ಷಗಳಿಂದ ಇಂಗ್ಲೆಂಡಿನ ಹಳ್ಳಿಗಾಡಿನ ಒಂದು ಕಾಡಿನಲ್ಲಿ ಮರಗಳು ಎಂದು ಎಲೆ ಉದುರಿಸಿದವು, ಎಂದು ಚಿಗುರಿದವು ಎಂದು ಬರೆದಿಡುತ್ತಿದ್ದರು. ಅದೇ ಲೆಕ್ಕವನ್ನು ಖಾನಾಪುರದ ಕಾಡಿನಲ್ಲೂ ಒಂದು ವರ್ಷ ಇಡಿಸಬೇಕೆಂದು ಬಂದಿದ್ದರು. ನಲವತ್ತು ಮರ. ವಾರಕ್ಕೊಮ್ಮೆ ಹೋಗಿ ನೋಡಿ ಬರೆಯಬೇಕು. ಅದಕ್ಕೆ ಇಲ್ಲಿಯವರೊಬ್ಬರು ಬೇಕು. ಯಾರೆಂಬುದನ್ನು ಇವತ್ತು ಕಾಡು ಸುತ್ತಿ ಬಂದ ಮೇಲೆ ಹೇಳುವವರಿದ್ದರು.

ಕೆಲಸ ಸಿಗುವ ಮುಂಚೆಯೇ ಸಾಕ್ಷಿ ಮರಗಳಿಗೆ ಕಟ್ಟಲು ನಲವತ್ತು ಬಿಲ್ಲೆ ಮಾಡಿಸಿಕೊಂಡಿದ್ದಳು. ಆಯಿಲ್ ಡಬ್ಬಿ ಕತ್ತರಿಸಿ, ಅಂಚು ಉಜ್ಜಿ, ಒಂದರಿಂದ ನಲವತ್ತರವರೆಗೆ ಉಳಿಯಲ್ಲಿ ನಂಬರು ಕುಟ್ಟಿ ಕೊಟ್ಟವನು ಓಂಕಾರ. ಒಂದು ಅಂಕಿಯೂ ಸೊಟ್ಟಗಿರಲಿಲ್ಲ.

ನೆಹರು ನಗರದಲ್ಲಿ ಶುಭದಾ ಮೇಡಂ ಜೀಪು ಹತ್ತಿದರು. ಸಾಕ್ಷಿ ಗಡಿಬಿಡಿಯಲ್ಲಿ, "ಇವರು ಓಂಕಾರ ಅಂತ್ರಿ ಮೇಡಂ, ಗಾಡಿ ಇವರದs," ಎಂದಳು. ಅಣ್ಣ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಮರೆತಳೋ, ಬೇಕೆಂದೇ ನುಂಗಿದಳೋ. ಓಂಕಾರ ಗೇರು ಹಾಕಿದ ರಭಸಕ್ಕೆ ಮೇಡಂ ಚೀಲ ಕೆಳಗೆ ಬಿತ್ತು.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಮೇಡಂ ಮೊಬೈಲಿನಲ್ಲಿ ತಮ್ಮ ಕಾಡಿನ ಫೋಟೋ ತೋರಿಸಿದರು. ಬೂದಿ ಬಣ್ಣದ ಆಕಾಶ, ಹಸಿ ನೆಲ, ಬೋಳು ಮರಗಳ ಸಾಲು.

"ಇದು ಸತ್ತ ಕಾಡರಿ?" ಎಂದ ಓಂಕಾರ, ಹೊರಳಿ ನೋಡಿ.

ಸಾಕ್ಷಿ ಕಿಸಕ್ಕೆಂದಳು. ಮೇಡಂ ನಗಲಿಲ್ಲ. "ಸತ್ತಿಲ್ಲಪಾ, ಮಲಗೇದ. ಅಲ್ಲೆ ಚಳಿಗೆ ಅಂಜಿ ಎಲಿ ಕೆಡವತಾವ, ಇಲ್ಲೆ ಬಿಸಲಿಗೆ ಅಂಜಿ. ಅಷ್ಟs ಫರಕ."

ಮೇಡಂ ಉತ್ತರ ಅವನ ಕಿವಿ ದಾಟಿ ಹೋಯಿತು. ತಂಗಿಯ ನಗು ಮಾತ್ರ ಒಳಗೆ ಕೂತಿತು.

ಖಾನಾಪುರದಲ್ಲಿ ಮರ ಗುರುತಿಸಿ ಕೊಡಲು ಮಾರ್ತಾಂಡ ಮಾಮಾ ಹತ್ತಿದರು. ಎಪ್ಪತ್ತು ದಾಟಿದ ಜೀವ, ಕೋಲಿನಂಥ ಮೈ, ಕೈಯಲ್ಲೊಂದು ಕೋಲು. ಆಯುಷ್ಯವನ್ನೆಲ್ಲ ಕಾಡು ಕಾಯುವುದರಲ್ಲಿ ಕಳೆದವರು. ಮನೆಮಾತು ಮರಾಠಿ, ಕನ್ನಡ ತಮ್ಮದೇ ತರಹದ್ದು. ಹಿಂದೆ ಕೂತು ಅವರು ಹೇಳುವ ಮಾತಿಗೆ ಹೆಂಗಸರಿಬ್ಬರೂ ನಗುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲಿ ಓಂಕಾರನಿಗೆ ಮಾತು ಕೇಳಲಿಲ್ಲ, ನಗು ಕೇಳಿತು.

ಮಾರ್ಚ್ ಕೊನೆ. ಕಾಡು ಆ ಫೋಟೋದಷ್ಟೇ ಬೋಳಾಗಿತ್ತು. ನೆಲದ ಮೇಲೆ ಮೊಣಕಾಲಿನ ಕೆಳಗಿನತನಕ ಒಣ ಎಲೆ. ಸಾಗವಾನಿಯ ಎಲೆಯ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಅಲ್ಲೊಂದು ಇಲ್ಲೊಂದು ಮರ ಮಾತ್ರ ಎಳೆ ಕೆಂಪು ಚಿಗುರು ಹೊತ್ತು ನಿಂತಿತ್ತು. ಮೂವರೂ ಒಳಗೆ ನಡೆದರು. ಓಂಕಾರ ಜೀಪಿನ ಹತ್ತಿರ ಉಳಿದ. ಯಾರೂ ಬಾ ಎನ್ನಲಿಲ್ಲ.

ತಾಸಾದ ಮೇಲೆ ಸಾಕ್ಷಿಯ ಫೋನು. "ನೀರಿನ ಕ್ಯಾನ್ ಅಲ್ಲೇ ಉಳದತಿ. ತರ್ತೀಯೇನ?"

ಹೆಗಲ ಮೇಲೆ ಕ್ಯಾನು ಹೊತ್ತು ಏರು ಹತ್ತಿದ. ಬಿಸಿಲು ನೇರ ನೆತ್ತಿಯ ಮೇಲೆ. ನೆರಳು ಕೊಡುವ ಒಂದು ಎಲೆಯೂ ಇರಲಿಲ್ಲ. ಬೆವರು ಕಣ್ಣಿಗಿಳಿದಿತ್ತು. ದಪ್ಪನೆಯ ಮರವೊಂದಕ್ಕೆ ಬೆನ್ನು ಕೊಟ್ಟು ಕ್ಯಾನು ಇಳಿಸಿ ಉಸಿರು ಬಿಡುತ್ತಿದ್ದಾಗ ಎದುರಿನ ದಿನ್ನೆಯ ಮೇಲೆ ಮೂವರೂ ಕಂಡರು. ಮಾರ್ತಾಂಡ ಮಾಮಾ ಕೋಲನ್ನೆತ್ತಿ ನೇರ ಅವನ ಕಡೆಗೆ ಚಾಚಿದ್ದರು.

"ಅಗೋ, ಅಲ್ಲಿ ನಿಂತಾನ ನೋಡ್ರಿ, ಅವ ಹೆಡ್ಡ! ಎಲ್ಲಾರೂ ಎದ್ದರೂ ಇವ ಏಳೂದಿಲ್ಲ. ಬಾಜೂದವರು ಹೊಸಾ ಅಂಗಿ ತೊಟ್ಟ ನಿಂತರೂ ಇವನ ತಲಿಗೆ ಹತ್ತೂದಿಲ್ಲ. ಹಂಗs ಬರೇ ಮೈಲೆ ನಿಂತಿರತಾನ, ಠೊಂಬ್ಯಾ!"

ಮೇಡಂ ನಕ್ಕರು. ಸಾಕ್ಷಿಯೂ ನಕ್ಕಳು. ನಗುತ್ತ ಅದನ್ನು ವಹಿಯಲ್ಲಿ ಬರೆದುಕೊಂಡಳು.

ಆ ವಹಿ ಓಂಕಾರನ ಕಣ್ಣಿಗೆ ಎಂಟನೆಯ ಇಯತ್ತೆಯ ವಹಿಯಾಗಿ ಕಂಡಿತು. ದಿನ್ನೆಯನ್ನು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. "ಯಾರಿಗಲೇ ಹೆಡ್ಡ ಅಂತಿ? ಯಾರಿಗೆ?" ಮುದುಕನ ಅಂಗಿಯ ಎದೆ ಅವನ ಮುಷ್ಟಿಯೊಳಗಿತ್ತು. ಎರಡು ಸಲ ಅಲುಗಾಡಿಸಿ ದೂಡಿದ. ಕೋಲು ಒಂದು ಕಡೆ, ಮಾಮಾ ಒಂದು ಕಡೆ. ಒಣ ಎಲೆಯ ರಾಶಿಯಲ್ಲಿ ಕುಸಿದ ಅವರ ಮೊಣಕೈ ಬಂಡೆಗೆ ಉಜ್ಜಿ ರಕ್ತ ಚಿಮ್ಮಿತು.

"ಅಣ್ಣಾ! ಬಿಡೋ!" ಎಂದು ಸಾಕ್ಷಿ ಚೀರಿದಳು.

ಮಾಮಾ ಕೂತಲ್ಲಿಂದಲೇ ತಲೆಯೆತ್ತಿ ನೋಡಿದರು. ಸಿಟ್ಟಿರಲಿಲ್ಲ, ತಿಳಿಯದೆ ಹೆದರಿದ ಮುಖ. "ಕಾಯ್ ಝಾಲ ರೇ ಬಾಳಾ? ನಾ ಏನ ಮಾಡಿದ್ನಿ?"

"ನನಗ ಹೆಡ್ಡ ಅಂದಿಲ್ಲ? ಕೋಲ ಮಾಡಿ ತೋರಿಸಿ ಅಂದಿಲ್ಲ?"

ಶುಭದಾ ಮೇಡಂ ತಣ್ಣಗೆ, ಒಂದೊಂದೇ ಮಾತು ಎಣಿಸಿದಂತೆ ಹೇಳಿದರು: "ನೀ ಬೆನ್ನ ಕೊಟ್ಟ ನಿಂತಿದ್ದೆಲ್ಲಾ, ಆ ಗಿಡಾ. ಅದರ ಹೆಸರು. ಮರಾಠಿಯೊಳಗ ಹೇದು, ಕನ್ನಡದಾಗ ಹೆಡ್ಡಿ. ಮಾಮಾ ಎರಡೂ ಕೂಡಿಸಿ ಹೆಡ್ಡ ಅಂತಾರ. ಮರಾಠಿಯೊಳಗ ಆ ಗಿಡಾ ಗಂಡಸು, ಅದಕ್ಕ ಅವ. ಮುಂಜಾನಿಂದ ಸಾಗವಾನಿಗೂ ಅವ ಅಂದಾರ, ಮತ್ತಿ ಗಿಡಕ್ಕೂ ಅವ ಅಂದಾರ. ಎಲ್ಲಾದರಕಿಂತ ತಡಾ ಚಿಗಿತದ ಅದು. ಅದನ್ನs ಹೇಳಾಕ ಹತ್ತಿದ್ರು."

ಓಂಕಾರ ಹಿಂದಕ್ಕೆ ನೋಡಿದ. ನೀರಿನ ಕ್ಯಾನಿನ ಪಕ್ಕದಲ್ಲಿ ಆ ಮರ ಬರಿಮೈಯಲ್ಲಿ ನಿಂತಿತ್ತು. ಸುತ್ತಲಿನ ಎರಡು ಮೂರು ಮರಗಳಿಗೆ ಚಿಗುರು ಬಂದಿತ್ತು, ಇದಕ್ಕೆ ಇಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕೋಲು ಎತ್ತಿ ಎರಡು ಕೊಟ್ಟಿದ್ದರೆ ಬೆನ್ನು ಬಗ್ಗಿಸುತ್ತಿದ್ದ. ಮಾಮಾ ಮೊಣಕೈಗೆ ಅಂಟಿದ ಎಲೆಯ ಚೂರು ಕೀಳುತ್ತ, ಸಣ್ಣ ದನಿಯಲ್ಲಿ, "ತಪ್ಪ ನಂದs ಐತಿ," ಎಂದರು. "ನನ್ನ ಕನ್ನಡಾ ಕಚ್ಚಾ. ಗಿಡಕ್ಕ 'ಅದು' ಅನಬೇಕಂತ ಸಾಲ್ಯಾಗ ಮಾಸ್ತರ ಬಡದ ಬಡದ ಹೇಳಿದ್ರು. ಎಲ್ಲಾರೂ ನಗತಿದ್ರು. ನನ್ನ ತಲಿಗೆ ಹತ್ತಲಿಲ್ಲ, ನಾಲ್ಕನೇ ಇಯತ್ತೇಕ ಸಾಲಿ ಬಿಟ್ನಿ. ಮಾಫ್ ಮಾಡಪಾ."

ಈ ಮುದುಕ ತನ್ನ ಕ್ಷಮೆ ಕೇಳುತ್ತಿದ್ದಾನೆ. ಓಂಕಾರ ಬಗ್ಗಿ ಅವರ ಕಾಲು ಹಿಡಿಯಹೋದ. ಮಾಮಾ ಕಾಲನ್ನು ಸರಕ್ಕನೆ ಹಿಂದೆಳೆದುಕೊಂಡರು. ದೊಡ್ಡಸ್ತಿಕೆಯಿಂದಲ್ಲ. ಮತ್ತೇನು ಮಾಡುತ್ತಾನೋ ಎಂಬ ಅಂಜಿಕೆಯಿಂದ.

ಅವನು ಎದ್ದು ಮೇಡಂ ಕಡೆಗೆ ತಿರುಗಿದ. ಹೊಳೆದದ್ದು ಒಂದೇ ದಾರಿ. "ಮೇಡಂ, ನಾ ಬಾಡಿಗಿ ಡ್ರೈವರ್ ಅದೀನ್ರಿ. ಈಕಿಗೂ ನನಗೂ ಏನೂ ಸಂಬಂಧ ಇಲ್ರಿ. ನನ್ನ ತಪ್ಪ ಈಕಿ ಮ್ಯಾಲೆ ಹಾಕಬ್ಯಾಡ್ರಿ."

ಮೇಡಂ ಸಾಕ್ಷಿಯನ್ನು ನೋಡಿದರು. ಸಾಕ್ಷಿ ಮಾಮಾನ ಮೊಣಕೈಗೆ ತನ್ನ ಓಢಣಿ ಕಟ್ಟುತ್ತಿದ್ದಳು. ಗಂಟು ಬಿಗಿಯುವವರೆಗೂ ತಲೆಯೆತ್ತಲಿಲ್ಲ. "ಸುಳ್ಳ ಹೇಳತಾನ್ರಿ," ಎಂದಳು. "ನನ್ನ ಅಣ್ಣ ಇವ. ಸ್ವಂತ ಅಣ್ಣ. ಮುಂಜಾನೆ ಹೇಳೂದು ಬಿಟ್ಟಿದ್ನಿ, ಈಗ ಹೇಳತೀನಿ."

ಹೇಳಬಾರದ ಹೊತ್ತಿನಲ್ಲಿ ಹೇಳಿಬಿಟ್ಟಳು. ಅವಳು ತನ್ನನ್ನು ಅಲ್ಲಗಳೆದಿದ್ದರೆ ಅವಳ ಮೇಲಾದರೂ ಸಿಟ್ಟು ಮಾಡಬಹುದಿತ್ತು. ಈಗ ಸಿಟ್ಟಿಗೆ ಕಾಲಿಡಲು ಎಲ್ಲೂ ಜಾಗ ಉಳಿಯಲಿಲ್ಲ.

ಮೇಡಂ ಬಿದ್ದ ಕೋಲನ್ನು ಎತ್ತಿ ಮಾಮಾನ ಕೈಗೆ ಕೊಟ್ಟರು. "ವರ್ಷಪೂರಾ ಇವರ ಜೋಡಿ ಅಡ್ಯಾಡಾಕಿ ನೀನು," ಎಂದರು ಸಾಕ್ಷಿಗೆ. "ನಾ ಹೂಂ ಅಂದ್ರ ಆಗೂದಿಲ್ಲ. ಮಾಮಾ ಹೇಳಲಿ."

ಓಂಕಾರ ನೆಲ ನೋಡಿದ.

"ಪೋರಿ ಬರಲಿ," ಎಂದರು ಮಾಮಾ. "ಶ್ಯಾಣ್ಯಾ ಅದಾಳ. ಗಿಡಾ ನೋಡಾಕ ಕಣ್ಣದಾವ." ಆಮೇಲೆ ದನಿ ತಗ್ಗಿಸಿದರು. ಕಾಡಿನಲ್ಲಿ ಗಾಳಿಯಿರಲಿಲ್ಲ, ಎಲ್ಲ ಕೇಳಿಸಿತು. "ಈ ಪೋರ ಮಾತ್ರ ಬ್ಯಾಡ ತಾಯಿ. ಈ ವಯಸ್ಸಿನ್ಯಾಗ ಎಲಬು ಮುರದ್ರ ಕೂಡೂದಿಲ್ಲ."

ಆ ಮರಕ್ಕೆ ಹದಿನೇಳನೆಯ ಬಿಲ್ಲೆ ಬಂತು. ತಂತಿ ಬಿರುಸಾಗಿತ್ತು, ಸಾಕ್ಷಿ ಬರಿ ಬೆರಳಿನಿಂದ ತಿರುಚಲು ಹೆಣಗಿದಳು. ಇಕ್ಕಳ ಓಂಕಾರನ ಜೇಬಿನಲ್ಲೇ ಇತ್ತು. ಅವಳು ಕೇಳಲಿಲ್ಲ. ಕೊಡುತ್ತೇನೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಮರುವಾರದಿಂದ ಸಾಕ್ಷಿ ಬಸ್ಸಿಗೆ ಹೋಗತೊಡಗಿದಳು. "ಅಣ್ಣನ ಜೀಪು ಇರೂವಾಗ ಬಸ್ಸ್ಯಾಕ?" ಎಂದು ಚಂದ್ರವ್ವ ಕೇಳಿದಾಗ ಸಾಕ್ಷಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ಓಂಕಾರನೇ ಹೇಳಿದ: "ಒಬ್ಬ ಮುದಕನ್ನ ದೂಡಿ ಕೆಡವೀನಿ ಬೇ. ಬರಬ್ಯಾಡ ಅಂದಾರ." ಚಂದ್ರವ್ವ ಅವನ ತಾಟಿಗೆ ರೊಟ್ಟಿ ಹಾಕಿ ಒಳಗೆ ಹೋದಳು.

ಜೂನ್ ಬಂತು, ಮಳೆ ಹಿಡಿಯಿತು. ಒಂದು ಸಂಜೆ ಸಾಕ್ಷಿ ತೊಯ್ದ ವಹಿಯನ್ನು ಫ್ಯಾನಿನ ಕೆಳಗೆ ಹರವಿ ಕೂತಿದ್ದಳು. ಎರಡೂವರೆ ತಿಂಗಳಲ್ಲಿ ಮೊದಲ ಸಲ ಓಂಕಾರ ಅವಳ ಮುಂದೆ ಕಾಡಿನ ಮಾತು ತೆಗೆದ.

"ಹದಿನೇಳನೇದು ಎಲಿ ಬಿಟ್ಟತೇನ?"

"ಹ್ಞೂಂ. ಭರ್ತಿ ಬಿಟ್ಟತಿ."

"ಮಾಮಾ ಏನಂದ್ರು?"

ಸಾಕ್ಷಿ ಪುಟದ ಅಂಚು ನೇವರಿಸಿದಳು. "ಮಾಮಾ ಈಗ ಯಾವ ಗಿಡಕ್ಕೂ ಅವ ಅನ್ನೂದಿಲ್ಲ. ಅದು, ಇದು ಅಂತಾರ. ನೆನಪ ಮಾಡಿಕೊಂಡ ಅಂತಾರ. ಒಮ್ಮೊಮ್ಮೆ 'ಅವ' ಅಂತ ಬಾಯಿಗೆ ಬಂದಬಿಡತೈತಿ. ಆವಾಗ ತಡದು ಹೊಳ್ಳಿ ಹಿಂದ ನೋಡತಾರ."

"ಯಾರನ್ನ?"

"ಯಾರೂ ಇರೂದಿಲ್ಲ." ಪುಟ ಮಗುಚುತ್ತ ಹೇಳಿದಳು: "ಆ ಗಿಡದ ಹೆಸರಂತೂ ತಗಿಯೂದs ಇಲ್ಲ. ಹದಿನೇಳ ನಂಬರ ಅಂತಾರ, ಅಷ್ಟs."

ಮರುದಿನ ಓಂಕಾರ ಗ್ಯಾರೇಜಿನಲ್ಲಿ ಹೊಸ ಆಯಿಲ್ ಡಬ್ಬಿ ಕತ್ತರಿಸಿದ. ಅಂಚು ಉಜ್ಜಿದ. ಉಳಿ ಹಿಡಿದು ಎರಡು ಅಕ್ಷರ ಕುಟ್ಟಿ ನಿಂತುಬಿಟ್ಟ. ಹನ್ನೆರಡು ವರ್ಷ ಬೆನ್ನಿಗೆ ಹೊತ್ತ ಮಾತು, ಬರೆಯಲು ಬರಲಿಲ್ಲ. ತಗಡು ಮನೆಗೆ ತಂದ.

"ಸಾಕ್ಷಿ, ಹೆಡ್ಡ ಅಂತ ಬರೀಬೇಕಂದ್ರ ಕೆಳಗ ಯಾವ ಒತ್ತು?"

ಅವಳು ತಗಡು ನೋಡಿದಳು. 'ಅವ' ಎಂಬುದು ಚೊಕ್ಕಾಗಿ ಮೂಡಿತ್ತು. ಮುಂದೆ ಖಾಲಿ. "ಡ ಕ್ಕ ಡ ಒತ್ತು," ಎಂದಳು, ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸುತ್ತ. ಅವನು ಅಲ್ಲೇ ಹೊಸ್ತಿಲ ಮೇಲೆ ಕೂತು ಕುಟ್ಟಿದ. ಒತ್ತು ತುಸು ಸೊಟ್ಟಾಯಿತು.

"ಮಾಮಾಗ ಕೊಡು, ಹದಿನೇಳನೇ ಗಿಡಕ್ಕ ಕಟ್ಟಲಿ. ಓದಾಕ ಬರಲಿಲ್ಲಂದ್ರ ನೀ ಓದಿ ಹೇಳು. ಯಾರ ಬರದಾರ ಅಂತ ಕೇಳಿದ್ರ ಹೆಡ್ಡ ಬರದಾನ ಅನ್ನು."

"ನೀನs ಬಂದ ಕೊಡಲ್ಲಾ."

"ಬರಬ್ಯಾಡ ಅಂದಾರ," ಎಂದ ಓಂಕಾರ. ತಗಡಿನ ಚೂಪು ಅಂಚು ಮುದುಕನ ಕೈಗೆ ಹತ್ತೀತೆಂದು ಇನ್ನೊಮ್ಮೆ ಉಜ್ಜಲು ಕೂತ.