ಮೈ ಒದರದ ಟಗರು

ಪೂಜಾರಿ ಕೆಂಚಯ್ಯ ಮೂರನೆಯ ಚೊಂಬು ನೀರು ಸುರಿದರೂ ಟಗರು ಮೈ ಒದರಲಿಲ್ಲ. ಕೊರಳಲ್ಲಿ ಚೆಂಡುಹೂವಿನ ಹಾರ, ಹಣೆಯ ತುಂಬ ಅರಿಶಿನ. ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಅದು ಹಾರದ ತುದಿಯ ಹೂವನ್ನೇ ಮೇಯುತ್ತಿತ್ತು.

ದೊಡ್ಡಆಲಹಳ್ಳಿಯ ಆ ಕುರಿ ಸಾಕುವ ಮನೆಯಲ್ಲಿ ಇದೊಂದು ಕಟ್ಟುನಿಟ್ಟಿನ ಕಟ್ಟಳೆ. ನೀರು ಹಾಕಿದಾಗ ಹರಕೆಯ ಟಗರು ಮೈ ಒದರಿದರೆ ಮನೆದೇವರು ಬೀರಪ್ಪ ಒಪ್ಪಿದ ಹಾಗೆ. ಒದರದಿದ್ದರೆ ಮನೆಯವರಲ್ಲಿ ಯಾರೋ ಏನೋ ಮನಸ್ಸಿನಲ್ಲಿ ಮುಚ್ಚಿಟ್ಟಿದ್ದಾರೆ ಎಂದು ಲೆಕ್ಕ. ಅವರು ಬಾಯಿ ಬಿಡುವವರೆಗೆ ಒಲೆ ಹಚ್ಚುವಂತಿಲ್ಲ. ನೆಂಟರು ಮಸಾಲೆ ರುಬ್ಬಿಟ್ಟುಕೊಂಡು ಹಸಿದು ಕೂತಿರಬೇಕು, ಅಷ್ಟೆ.

ಹುಣಸೆಮರದ ಬುಡದಲ್ಲಿ ನಿಂತಿದ್ದ ಶಿವಲಕ್ಷ್ಮಿ ಬೆವರಿದಳು. ಮುಚ್ಚಿಟ್ಟವಳು ತಾನೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಮಂಗಳೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ಬಿಸಿಲಲ್ಲಿ ನಿಂತ ಪ್ರಾಣಿಗೆ ತಣ್ಣೀರು ಹಿತವೇ, ಅದು ಯಾಕೆ ಒದರೀತು ಎಂದು ಮಕ್ಕಳಿಗಾದರೆ ಪಾಠ ಹೇಳಬಲ್ಲಳು. ಅವ್ವ ಪುಟ್ಟಲಕ್ಷ್ಮಮ್ಮನ ಎದುರು ಯಾರ ಪಾಠವೂ ನಡೆಯುವುದಿಲ್ಲ.

ಈ ಹರಕೆಗೆ ಹತ್ತೊಂಬತ್ತು ವರ್ಷ. ಕೆಲಸ ಸಿಕ್ಕಿ ಮಂಗಳೂರಿಗೆ ಹೋದ ಮೊದಲ ವಾರ, ಸುರಿಯುವ ಮಳೆಯಲ್ಲಿ, ಕಾಯಿನ್ ಬೂತಿನಿಂದ ಫೋನು ಮಾಡಿ ಅವಳೇ ಅತ್ತಿದ್ದಳು. ಬಟ್ಟೆ ಒಣಗುವುದಿಲ್ಲ, ಮುದ್ದೆ ಸಿಗುವುದಿಲ್ಲ, ಜನ ಮಾತಾಡುವುದು ಒಂದಕ್ಷರ ತಿಳಿಯುವುದಿಲ್ಲ, ಹೇಗಾದರೂ ಮಾಡಿ ನನ್ನನ್ನು ಕರೆಸಿಕೋ ಎಂದು. ಅವ್ವ ಅವತ್ತೇ ಒಂದು ಮರಿಯ ಕಿವಿ ಕತ್ತರಿಸಿ, ಮಗಳಿಗೆ ಕನಕಪುರದ ಕಡೆಗೆ ವರ್ಗವಾದರೆ ಇದು ನಿನ್ನದು ಎಂದು ಬೀರಪ್ಪನಿಗೆ ಬಿಟ್ಟಳು. ಆ ಟಗರು ಮುದಿಯಾಗಿ ಸತ್ತಿತು. ಅದರ ಹೆಸರಿನಲ್ಲಿ ಇನ್ನೊಂದು, ಮತ್ತೊಂದು. ಇದು ನಾಲ್ಕನೆಯದು.

ಅವ್ವ ಹರಕೆ ಮರೆಯಲಿಲ್ಲ. ಮಗಳು ಮಾತ್ರ ಅತ್ತದ್ದನ್ನು ಮರೆತಳು. ಆರನೆಯ ವರ್ಷ ರಜೆ ಮುಗಿಸಿ ಹೋಗುವಾಗ, ಬಸ್ಸು ಪಾಣೆಮಂಗಳೂರಿನ ಸೇತುವೆ ದಾಟುತ್ತಿದ್ದಂತೆ ‘ಉಸ್ಸಪ್ಪಾ, ಮನೆ ಬಂತು’ ಎಂದುಕೊಂಡು ತನ್ನ ಮಾತಿಗೆ ತಾನೇ ಬೆಚ್ಚಿದ್ದಳು. ಅವ್ವನಿಗೆ ಮೋಸ ಮಾಡಿದಂತೆ ಆಗಿತ್ತು.

ಈ ಸಲ ವರ್ಗಾವಣೆಯ ಪಟ್ಟಿಯಲ್ಲಿ ಹೆಸರು ಬಂತು. ತಮ್ಮ ಕನಕರಾಜು ಎಲ್ಲಿಂದಲೋ ಸುದ್ದಿ ತಿಳಿದು ಊರಿಗೆಲ್ಲ ಡಂಗುರ ಹೊಡೆದ. ಅವ್ವ ಭಾನುವಾರಕ್ಕೆ ದಿನ ಗೊತ್ತುಮಾಡಿಯೇ ಬಿಟ್ಟಳು. ಶನಿವಾರ ಬಂದಿಳಿದ ಶಿವಲಕ್ಷ್ಮಿ ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಅವ್ವ ಅವಳ ಬಾಯಿಗೆ ಏನಾದರೊಂದು ತಿನಿಸಿದಳು.

“ಯಾರ ಹೊಟ್ಟೇಲಿ ಏನೈತೋ ಆಡ್ಬುಡ್ರಪ್ಪ. ಬೀರಪ್ಪ ಕಾಯ್ತಾವ್ನೆ” ಎಂದ ಕೆಂಚಯ್ಯ.

ಕನಕರಾಜು ತಲೆ ಕೆರೆದುಕೊಂಡ. “ಅವ್ವ, ಹೋದ್ ತಿಂಗ್ಳು ಎರಡು ಮರಿ ನಾಯಿ ಕಚ್ಕೊಂಡ್ ಹೋಯ್ತು ಅಂದಿದ್ನಲ್ಲ, ಸುಳ್ಳು. ನಾನು ನಿದ್ದೆ ಹೋಗ್ಬುಟ್ಟಿದ್ದೆ.”

“ಅದು ನಂಗವತ್ತೇ ಗೊತ್ತಿತ್ತು. ನೀರ್ ಹಾಕು ಕೆಂಚಣ್ಣ.”

ನೀರು ಬಿತ್ತು. ಟಗರು ಇನ್ನೊಂದು ಹೂ ಕಿತ್ತುಕೊಂಡಿತು.

“ಅವ್ವಾ, ಮುಚ್ಚಿಟ್ಟಿರೋಳು ನಾನು” ಎಂದಳು ಶಿವಲಕ್ಷ್ಮಿ. “ಕನಕಪುರದ ಸ್ಕೂಲೇ ಕೊಡ್ತೀವಿ ಅಂದ್ರು. ನಾನೇ ಬ್ಯಾಡ ಅಂತ ಬರ್ಕೊಟ್ಟು ಬಂದೆ. ನೀನು ಇಷ್ಟು ವರ್ಷ ದೇವ್ರನ್ನ ಕೇಳ್ಕೊಂಡಿದ್ದನ್ನ ಒಂದು ಸೈನ್ ಹಾಕಿ ಕಳ್ದುಬುಟ್ಟೆ.”

ಅವ್ವ ಅಲ್ಲೇ ಬದುವಿನ ಮೇಲೆ ಕುಳಿತಳು.

“ಯಾಕವ್ವ? ನಾವೇನ್ ಮಾಡಿದ್ವಿ?”

“ನೀವೇನೂ ಮಾಡಿಲ್ಲ. ಆ ಊರು ನಂಗೇನೂ ಕಮ್ಮಿ ಮಾಡಿಲ್ಲ ಕಣವ್ವ.” ಅವಳು ಅವ್ವನ ಪಕ್ಕ ಕುಕ್ಕರಿಸಿದಳು. “ಹೊಳೆ ದಾಟಿ ಆಚೆ ದಡದ ಸ್ಕೂಲ್ಗೆ ಹೋಗ್ಬೇಕು. ಒಸಿ ತಡ ಆದ್ರೂ ದೋಣಿ ಉಜೈರ್ ಹಗ್ಗ ಬಿಚ್ಚಲ್ಲ, ಮೇಡಂ ಬರ್ಲಿ ಅಂತಾನೆ. ಮಲೇರಿಯಾ ಬಂದು ಮಲಗಿದ್ದಾಗ ಪಕ್ಕದ್ಮನೆ ಶೀಬಾ ಹದಿನೈದು ದಿನ ಗಂಜಿ ಕುಡ್ಸಿದ್ಳು. ಸಾಯಂಕಾಲ ವಾಪಸ್ ಬರುವಾಗ ಸಮುದ್ರದ ಕಡೆ ನೀರೆಲ್ಲ ಕೆಂಪಗಾಯ್ತದೆ. ದಿನಾ ನೋಡ್ತೀನಿ, ಸಾಕು ಅನ್ಸಲ್ಲ. ಯಾರಿಗಾದ್ರೂ ಕೈಮುಗೀಬೇಕು ಅನ್ಸ್ತದೆ. ಯಾರಿಗೆ ಅಂತ ಗೊತ್ತಾಗಲ್ಲ.”

“ಮಲೇರಿಯಾ ಬಂದಿದ್ದು ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಇನ್ನೊಂದು ಟಗರು ಬುಡ್ತಿದ್ದೆ.”

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಅವ್ವ ನಗಲಿಲ್ಲ. ಬಹಳ ಹೊತ್ತು ಟಗರನ್ನೇ ನೋಡುತ್ತ ಕುಳಿತಳು. ಹತ್ತೊಂಬತ್ತು ವರ್ಷ ಒಂದೂರನ್ನು ಶಪಿಸುತ್ತ ಬಂದವಳಿಗೆ, ಆ ಊರೇ ಮಗಳಿಗೆ ಗಂಜಿ ಕುಡಿಸಿತು ಎಂದರೆ ನುಂಗಿಕೊಳ್ಳಲು ಸ್ವಲ್ಪ ಹೊತ್ತು ಬೇಡವೇ? ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಕೆಂಚಯ್ಯನ ಕೈಯಿಂದ ಚೊಂಬು ಕಿತ್ತುಕೊಂಡಳು.

“ಬೀರಪ್ಪ, ಮಗಳನ್ನ ತಂದ್ಕೊಡು ಅಂತ ಕೇಳ್ಕೊಂಡಿದ್ದೆ. ಅದನ್ನ ಇವತ್ತು ಬುಟ್ಟೆ. ನನ್ ಮಗಳನ್ನ ನೋಡ್ಕೊಂಡ ಊರು ತಣ್ಣಗಿರ್ಲಿ. ಈ ಟಗರು ಅದಕ್ಕೆ.”

ನೀರು ಸುರಿದಳು. ಟಗರು ಕೊಂಬಿನಿಂದ ಬಾಲದವರೆಗೆ ಒಮ್ಮೆ ಮೈ ಒದರಿ, ಪಕ್ಕದಲ್ಲಿದ್ದ ಕನಕರಾಜುವಿನ ಹೊಸ ಪಂಚೆಯನ್ನು ಪೂರಾ ತೋಯಿಸಿತು. ಅಷ್ಟು ನೀರು ಬಿದ್ದರೆ ಯಾವ ಟಗರಾದರೂ ಒದರುತ್ತದೆ ಎಂದು ವಿಜ್ಞಾನದ ಮೇಡಂ ಹೇಳಬಹುದಿತ್ತು. ಹೇಳಲಿಲ್ಲ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅವ್ವ ಒಲೆಯ ಮುಂದೆ ಕುಳಿತು, ಹಿಟ್ಟು ಮಿಕ್ಕಿದೆ ಎಂಬ ನೆಪ ಹೇಳಿ ಕಜ್ಜಾಯ ಕರಿಯತೊಡಗಿದಳು. ಬೆಳಿಗ್ಗೆ ಮಗಳ ಜೊತೆ ತಾನೂ ಹೊರಡುವವಳೆಂದು ಆಗಲೇ ಸಾರಿಯಾಗಿತ್ತು. ಎಪ್ಪತ್ತು ದಾಟಿದ ಆ ಜೀವ ಮಾಗಡಿಯಿಂದಾಚೆ ಹೋದದ್ದಿಲ್ಲ. ಮೂರು ಡಬ್ಬಿ ಸಾಲಾಗಿ ಇಟ್ಟುಕೊಂಡಿದ್ದಳು.

“ಇದು ಆ ಶೀಬಂಗೆ. ಇದು ದೋಣಿಯವ್ನಿಗೆ.”

“ಇನ್ನೊಂದು?”

“ಸಮುದ್ರಕ್ಕೆ.”

ಶಿವಲಕ್ಷ್ಮಿ ನಕ್ಕಳು. ಅವ್ವ ಜಾಲರಿಯನ್ನು ಬಾಣಲೆಯಲ್ಲೇ ಬಿಟ್ಟು ಅವಳ ಕಡೆ ತಿರುಗಿದಳು.

“ನಗಬ್ಯಾಡ. ನೀನು ಮದ್ವೆ ಬ್ಯಾಡ ಅಂದೆ, ನಾನೂ ಸುಮ್ಕಾದೆ. ಓರಗೆಯೋರೆಲ್ಲ ಕಜ್ಜಾಯದ ಬುಟ್ಟಿ ಹೊತ್ಕೊಂಡು ಬೀಗಿತಿ ಮನೆಗೆ ಹೋಗೋರು. ಆ ಪುಣ್ಯ ನಂಗಿಲ್ಲ ಅನ್ಕೊಂಡಿದ್ದೆ. ಇಲ್ಲಿ ನೋಡಿದ್ರೆ ಆ ಸಮುದ್ರದವ್ವ ಹತ್ತೊಂಬತ್ತು ವರ್ಸದಿಂದ ಮಗಳನ್ನ ಇಟ್ಕೊಂಡು ಸಾಕ್ತಾವ್ಳೆ, ನಾನು ಒಂದು ದಿನ ಮುಖ ತೋರ್ಸಿಲ್ಲ. ಬರಿಗೈಲಿ ಹೋಗಕ್ಕಾಯ್ತದಾ?”

ಶಿವಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವ್ವನ ಪಕ್ಕದಲ್ಲಿ ಕುಳಿತು ಹಿಟ್ಟಿನ ಉಂಡೆ ತಟ್ಟಿಕೊಡತೊಡಗಿದಳು. ಅವ್ವ ಮೂರನೆಯ ಡಬ್ಬಿಯ ಮುಚ್ಚಳ ತೆಗೆದು ಇಣುಕಿ ನೋಡಿ, ಚಿಂತೆಗೆ ಬಿದ್ದಳು.

“ಏನವ್ವ, ಅವಳು ಬಲು ದೊಡ್ಡೋಳಂತಲ್ಲ. ಇಷ್ಟು ಕಜ್ಜಾಯ ಸಾಕಾಯ್ತದಾ?”