ಹತ್ತೊಂಬತ್ತನೇ ಪ್ರಶ್ನೆ

ತುಳಸಿ ಎಲೆಯನ್ನು ನೀರಿಗೆ ಅದ್ದಿ ಯಶಸ್ವಿ ಅಪ್ಪನ ತುಟಿಗಳ ನಡುವೆ ಹಿಡಿದಳು. ಮೂರು ಹನಿ ಒಳಗೆ ಹೋದಂತೆ ಕಂಡಿತು. ನಾಲ್ಕನೆಯದು ಕೆನ್ನೆಯ ಮೇಲಿಂದ ಇಳಿದು ಕಿವಿಯ ಹತ್ತಿರ ನಿಂತಿತು. ವೇಲಿನ ತುದಿಯಿಂದ ಅದನ್ನು ಒರೆಸಿದಳು.

“ಸಾಕು ಮಗಾ, ಉಳಿದವರೂ ನೀರು ಬಿಡ್ಲಿಕ್ಕೆ ಉಂಟಲ್ಲ,” ಎಂದರು ಅಮ್ಮ ಕುಮುದಿನಿ.

ಅವಳು ಎದ್ದು ಬಾಗಿಲ ಬಳಿ ನಿಂತಳು. ಅಂಗಳದ ಕುರ್ಚಿಗಳಲ್ಲಿ ಕುಳಿತವರಿಗೆ ಮೂಸಕುಂಞಿ ಏನೋ ಹೇಳುತ್ತಿದ್ದರು. ಕಡಬದಿಂದ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಅವರು ಡ್ರೈವರ್, ಅವಳ ಅಪ್ಪ ಪದ್ಮಯ್ಯ ಕಂಡಕ್ಟರ್.

“ಆಲಂಕಾರಿನಲ್ಲಿ ಒಂದು ಅಜ್ಜಿ ಕೋಳಿ ಹಿಡ್ಕೊಂಡು ಹತ್ತಿದ್ದು. ಕೋಳಿ ಕೈತಪ್ಪಿ ಇಳಿದು ಓಡಿತು. ಅದು ಸಿಕ್ಕುವವರೆಗೆ ಇವ ಸೀಟಿಯೇ ಊದ್ಲಿಲ್ಲ. ಹನ್ನೊಂದು ನಿಮಿಷ! ಸಂಜೆ ಟ್ರಿಪ್ ಶೀಟಿನಲ್ಲಿ ಎಂತ ಬರೆದ ಗೊತ್ತುಂಟಾ? ತಡವಾದ ಕಾರಣ, ಕೋಳಿ.”

ಯಾರೋ ಮೆಲ್ಲಗೆ ನಕ್ಕರು.

“ಬಸ್ಸಿನ ಧಣಿ ಕರೆದು ಕೇಳಿದ್ರು. ಪಂಚರ್ ಅಂತ ಬರೆದರೆ ಆಗ್ತಿರಲಿಲ್ವಾ ಮಾರಾಯ, ಅಂತ. ಇವ ಹೇಳ್ತಾನೆ, ಪಂಚರ್ ಆಗ್ಲಿಲ್ಲ ಅಲ್ಲ ಧಣಿ.” ಮೂಸಕುಂಞಿ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. “ನಿನ್ನೆ ಮಾತ್ರ ಎದೆ ಹಿಡ್ಕೊಂಡು, ಸೀಟಿ ಊದದೆ ಹೊರಟ.”

ಅಷ್ಟರಲ್ಲಿ ಗೇಟಿನ ಬಳಿ ಬೈಕು ನಿಂತಿತು. ಅತ್ತೆಯ ಮಗ ಜಯಪ್ರಕಾಶ್. ಅವನನ್ನು ಕಂಡದ್ದೇ ಯಶಸ್ವಿ ಬಾಗಿಲ ಮರೆಗೆ ಸರಿದಳು. ಆ ದಿನ ಜಗಲಿಯಲ್ಲಿ ನಡೆದದ್ದು ಈಗ ಅವರಿಬ್ಬರಿಗೆ ಮಾತ್ರ ಗೊತ್ತು.

*

ಅದು ಹೋದ ತಿಂಗಳ ಒಂದು ಭಾನುವಾರ. ಪುತ್ತೂರಿನ ಕಾಲೇಜಿನಲ್ಲಿ ಪಾಠ ಮಾಡುವ ಅವಳು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಳು. ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಮಾಡಿಸೋಣ ಎಂದು ಹಟ ಹಿಡಿದವಳೂ ಅವಳೇ. ವಿಮೆ ಏಜೆಂಟನಾದ ಜಯಪ್ರಕಾಶ್ ಫಾರ್ಮ್ ತಂದಿದ್ದ. ಅವಳು ಪ್ರಶ್ನೆ ಓದುವುದು, ಅಪ್ಪ ಉತ್ತರ ಹೇಳುವುದು, ಅವಳು ಬರೆಯುವುದು. ನಾಯಿ ಕಚ್ಚಿದ್ದು, ಕಾಮಾಲೆಗೆ ಹಳ್ಳಿಮದ್ದು ತಿಂದದ್ದು, ಬಸ್ಸಿನ ಬಾಗಿಲಿಗೆ ಬೆರಳು ಸಿಕ್ಕಿದ್ದು, ಅಪ್ಪ ಇಸವಿ ಸಮೇತ ಹೇಳಿದರು.

“ಇದು ಫಾರ್ಮಾ ಮಾವ, ನಿಮ್ಮ ಜೀವನಚರಿತ್ರೆಯಾ?” ಎಂದ ಜಯಪ್ರಕಾಶ್.

ಹತ್ತೊಂಬತ್ತನೇ ಪ್ರಶ್ನೆ ಎದೆನೋವಿನದು.

“ನೋವು ಅಂತ ಅಲ್ಲ,” ಎಂದರು ಅಪ್ಪ. “ಚೀಲ ಹಿಡ್ಕೊಂಡು ನಮ್ಮ ಈ ಏರು ಹತ್ತುವಾಗ ಒಮ್ಮೊಮ್ಮೆ ಎದೆ ಹಿಡಿದ ಹಾಗೆ ಆಗ್ತದೆ. ನಿಂತರೆ ಹೋಗ್ತದೆ.”

“ಅದು ಗ್ಯಾಸ್,” ಎಂದರು ಅಮ್ಮ ಒಳಗಿನಿಂದ. “ಓಮದ ಕಷಾಯ ಮಾಡಿ ಕೊಡ್ತಾ ಇದ್ದೇನೆ.”

ಯಶಸ್ವಿ ಜಯಪ್ರಕಾಶನ ಮುಖ ನೋಡಿದಳು.

“ಇಲ್ಲ ಅಂದರೆ ಬೇಗ ಪಾಸಾಗ್ತದೆ. ಉಂಟು ಅಂದರೆ ಪುತ್ತೂರಿಗೆ ಹೋಗಿ ಟೆಸ್ಟ್ ಮಾಡಿಸ್ಬೇಕು. ನೀನೇ ನೋಡು.”

ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೆಯೇ ನಿಂತಿತು. ಬೇಗ ಪಾಸಾಗಲಿ ಎಂಬ ಆಸೆ ಅವಳಿಗಿರಲಿಲ್ಲ. ಬರೆದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಇತ್ತು. ಎದೆ ಹಿಡಿದ ಹಾಗೆ ಎಂಬುದು ಒಂದು ಕಾಯಿಲೆಯ ಹೆಸರಲ್ಲ ಎಂದು ತನಗೆ ತಾನೇ ಹೇಳಿಕೊಂಡು ‘ಇಲ್ಲ’ ಎಂದು ಬರೆದಳು. ಅಪ್ಪ ಆ ಸಾಲನ್ನೇ ನೋಡಿದರು. ಆಮೇಲೆ ಸಹಿ ಹಾಕಿದರು.

*

ಮೂರು ಗಂಟೆಗೆ ಗಂಡಸರು ಸ್ಮಶಾನದಿಂದ ಬಂದು ಮಿಂದರು. ಪಕ್ಕದ ಮನೆಯಿಂದ ಗಂಜಿ, ಉಪ್ಪಿನಕಾಯಿ ಬಂದಿತ್ತು. ಯಶಸ್ವಿ ಬಟ್ಟಲನ್ನು ಮುಟ್ಟಲಿಲ್ಲ. ಬಾವಿಕಟ್ಟೆಯ ಬಳಿ ತಲೆ ಒರೆಸುತ್ತಿದ್ದ ಜಯಪ್ರಕಾಶನ ಹತ್ತಿರ ಹೋದಳು.

“ಬಾವ, ನಾನು ಅವತ್ತು ಉಂಟು ಅಂತ ಬರೆದಿದ್ದರೆ ಅವರು ಟೆಸ್ಟಿಗೆ ಕರೀತಿದ್ರು ಅಲ್ವಾ?”

ಅವನು ಟವೆಲನ್ನು ಹಿಂಡಿದ. ಮತ್ತೆ ಹಿಂಡಿದ.

“ಕರೆದಿದ್ದಾರೆ,” ಎಂದ.

ಅವಳಿಗೆ ಅರ್ಥವಾಗಲಿಲ್ಲ.

“ಅದರ ಮುಂದಿನ ಶನಿವಾರ ಮಾವ ನನ್ನ ಆಫೀಸಿಗೆ ಬಂದ್ರು. ಫಾರ್ಮ್ ಕಳಿಸಿ ಆಯ್ತಾ ಕೇಳಿದ್ರು. ನಾನು ಉದಾಸೀನ ಮಾಡಿ ಇಟ್ಟಿದ್ದೆ. ಬೇರೆ ಫಾರ್ಮ್ ಕೊಡು ಅಂತ ಹೇಳಿ, ಎಲ್ಲ ಅವರೇ ಕೂತು ತುಂಬಿಸಿದ್ರು. ಹತ್ತೊಂಬತ್ತಕ್ಕೆ ಉಂಟು ಅಂತ ಬರೆದ್ರು. ನಾಳೆಗೆ ಟೆಸ್ಟ್ ಇತ್ತು ಯಶು.”

“ನನಗೆ ಹೇಳ್ಲಿಲ್ಲ.”

“ಹೇಳ್ಬೇಡ ಅಂದ್ರು. ಅವಳು ಹೆದರಿ ಬರೆದದ್ದು, ಗೊತ್ತಾದರೆ ನಿದ್ದೆ ಬಿಡ್ತಾಳೆ ಅಂತ.”

ಬಾವಿಯೊಳಗೆ ಹಗ್ಗದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಅವತ್ತೇ ಸರಿ ಬರೆದು ಕೊಟ್ಟಿದ್ದರೆ, ಒಂದು ವಾರ ಮೊದಲು ಕರೀತಿದ್ರಾ?”

“ಕರೀತಿದ್ರೋ ಏನೋ. ನಾನೂ ಇಟ್ಟುಕೊಂಡು ಕೂತವನೇ ಅಲ್ವಾ.” ಅವನು ಅವಳ ಮುಖ ನೋಡಲಿಲ್ಲ. “ಗಂಜಿ ಕುಡಿ, ಹೋಗು.”

ಒಳಗಿನಿಂದ ಅಮ್ಮ ಕರೆದರು. “ಯಶು, ಆ ಕ್ಯಾಲೆಂಡರ್ ತಾ. ಉತ್ತರಕ್ರಿಯೆಯ ಬೊಜ್ಜ ಯಾವ ದಿನಕ್ಕೆ ಬರ್ತದೆ ನೋಡ್ಬೇಕು. ಬಂದವರಿಗೆ ಈಗಲೇ ಹೇಳಿ ಬಿಡುವ.”

ಕ್ಯಾಲೆಂಡರು ಬಾಗಿಲ ಹಿಂದಿನ ಮೊಳೆಯಲ್ಲಿತ್ತು, ಅಪ್ಪನ ಸೀಟಿ ತೂಗುತ್ತಿದ್ದ ಅದೇ ಮೊಳೆ. ಸೀಟಿಯನ್ನು ಸರಿಸಿ ಅವಳು ಕ್ಯಾಲೆಂಡರನ್ನು ತೆಗೆದಳು. ನಾಳಿನ ತಾರೀಕಿನ ಮನೆಯಲ್ಲಿ ನೀಲಿ ಶಾಯಿ ಕಂಡಿತು. ಟ್ರಿಪ್ ಶೀಟಿನ ಸಣ್ಣ ಚೌಕಗಳಿಗೆ ಪಳಗಿದ, ಗೆರೆ ಮೀರದ ಅಕ್ಷರ:

‘8 ಗಂಟೆ ಪುತ್ತೂರು. ಬರಿಹೊಟ್ಟೆ. 1 ಗಂಟೆ ಯಶುವಿನೊಟ್ಟಿಗೆ ಊಟ.’

ಜಯಪ್ರಕಾಶ್ ಕ್ಯಾಲೆಂಡರನ್ನು ತೆಗೆದುಕೊಂಡು ಅಮ್ಮನ ಮುಂದೆ ನೆಲದ ಮೇಲೆ ಹಾಸಿದ. ಒದ್ದೆ ಬೆರಳನ್ನು ಮಂಗಳವಾರದ ಮೇಲಿಟ್ಟು ಎಣಿಸತೊಡಗಿದ.

“ಒಂದು. ಇವತ್ತಿಗೆ ಎರಡು.”

ಬೆರಳು ಗುರುವಾರಕ್ಕೆ ಬಂದು ಅಲ್ಲಿಯೇ ನಿಂತಿತು. ಅದರಡಿಯಲ್ಲಿ ನೀಲಿ ಶಾಯಿ ಮೆಲ್ಲಗೆ ಹರಡತೊಡಗಿತು. ಯಶಸ್ವಿ ಬಗ್ಗಿ, ಅವನ ಬೆರಳನ್ನು ಎತ್ತಿ, ಮುಂದಿನ ಮನೆಯಲ್ಲಿಟ್ಟಳು.

“ನಾಲ್ಕು,” ಎಂದ ಜಯಪ್ರಕಾಶ್.

ಅವಳು ವೇಲಿನ ತುದಿಯನ್ನು ಆ ಒದ್ದೆಯ ಮೇಲೆ ಒತ್ತಿ ಹಿಡಿದಳು.